ಪಕ್ಕದ ಎಲೆ ನೋಡಿ ಬಡಿಸಿದ್ದು

ಹೊಳೆದಂಡೆಯ ಆಶ್ರಮದಲ್ಲೊಂದು ಹಲ್ಲಿನ ಆಸ್ಪತ್ರೆ. ಇದ್ದದ್ದು ಒಂದೇ ಕುರ್ಚಿ. ಅದರ ಒಂದು ಪಕ್ಕಕ್ಕೆ ಡಾಕ್ಟರ್ ಮಂದಾಕಿನಿ, ಇನ್ನೊಂದು ಪಕ್ಕಕ್ಕೆ ಅವರ ಶಿಷ್ಯ ಸಮರ್ಥ.

ಆ ದಿನ ಕುರ್ಚಿಯಲ್ಲಿ ಒರಗಿದ್ದವರು ಆಶ್ರಮದ ಅಡುಗೆಯ ಪುಟ್ಟನಂಜಮ್ಮ. ಗಟ್ಟಿಯಾದದ್ದನ್ನು ಅಗಿಯಲು ಅವರಿಗೆ ಉಳಿದಿದ್ದದ್ದು ಎಡಗಡೆಯ ಒಂದೇ ಜೋಡಿ ದವಡೆಹಲ್ಲು. ಅದರಲ್ಲಿ ಕೆಳಗಿನದು ಹುಳುಕಾಗಿ, ಕೊರೆದು, ಕ್ಯಾಪ್ ಹಾಕುವ ಹಂತಕ್ಕೆ ಬಂದಿತ್ತು. ಕ್ಯಾಪಿನ ಅಂಚಿನಲ್ಲಿ ಸಂದು ಉಳಿದರೆ ಹುಳುಕು ಮತ್ತೆ ಒಳಸೇರುತ್ತದೆ, ಹಲ್ಲು ಕೈಬಿಡುತ್ತದೆ. ಇದೂ ಹೋದರೆ ತಾನು ಮಾಡಿದ ಚಕ್ಕುಲಿಯನ್ನು ತಾನು ಮೂಸಿ ನೋಡಬೇಕಷ್ಟೆ ಎಂದು ಪುಟ್ಟನಂಜಮ್ಮ ಮೊದಲೇ ಹೇಳಿಟ್ಟಿದ್ದರು.

ಸಮರ್ಥ ಬಾಯೊಳಗೆ ಸ್ಕ್ಯಾನರ್ ಆಡಿಸಿದ. ಪರದೆಯ ಮೇಲೆ ಹಲ್ಲು ಮೂಡಿತು. ಸುತ್ತಲೂ ಅಂಚು ನುಣ್ಣಗಿತ್ತು. ಕೂದಲೆಳೆಯಷ್ಟೂ ತಪ್ಪಿಲ್ಲ, ಇನ್ನು ಹಲ್ಲಿನ ಅಚ್ಚು ತೆಗೆಯಲು ಹಿಟ್ಟು ಕಲಸುವ ಆ ಹಳೇ ರಗಳೆ ಯಾರಿಗೆ ಬೇಕು ಎನ್ನುತ್ತ ಚಿತ್ರವನ್ನು ಕ್ಯಾಪ್ ಮಾಡುವ ಲ್ಯಾಬಿಗೆ ಕಳಿಸಲು ಬೆರಳೆತ್ತಿದ.

ಗುರು ಮಂದಾಕಿನಿ ಪರದೆಯನ್ನು ನೋಡಲಿಲ್ಲ. ಬಾಯೊಳಗೆ ಬಗ್ಗಿ ನೋಡಿದರು. ಹಲ್ಲಿನ ಹಿಂಬದಿಯಲ್ಲಿ ಒಸಡು ಊದಿಕೊಂಡು ಅಂಚನ್ನು ಮುಚ್ಚಿ ಮಲಗಿತ್ತು.

"ಸಮರ್ಥ, ನಿನ್ನೆ ಊಟಕ್ಕೆ ಪಂಕ್ತಿಯಲ್ಲಿ ನೀನೂ ಇದ್ದೆಯಲ್ಲ. ಪುಟ್ಟನಂಜಮ್ಮ ಏನು ಉಂಡರು?"

"ಮುದ್ದೆ, ಸೊಪ್ಪಿನ ಸಾರು."

"ನೋಡಿದೆಯಾ?"

"ಅವರ ಈ ಕಡೆ ಕೂತವರದೂ ಮುದ್ದೆ, ಆ ಕಡೆ ಕೂತವರದೂ ಮುದ್ದೆ. ಇವರದು ಇನ್ನೇನಿರುತ್ತೆ ಅಮ್ಮ?"

ಪುಟ್ಟನಂಜಮ್ಮ ಬಾಯಿಂದ ಹತ್ತಿ ತೆಗೆದರು.

"ಗಂಜಿ ಕುಡಿದೆ ಕಣಪ್ಪ. ಹಲ್ಲುನೋವು ಅಂತ ತಾನೇ ನಿನ್ನ ಮುಂದೆ ಬಾಯಿ ತೆಗೆದುಕೊಂಡು ಕೂತಿರೋದು?"

ಗುರು ನಕ್ಕುಬಿಟ್ಟರು. "ಅಕ್ಕಪಕ್ಕದ ಎಲೆ ನೋಡಿ ಇವರ ಎಲೆಗೂ ನೀನೇ ಬಡಿಸಿಬಿಟ್ಟೆ."

ಸಮರ್ಥ ನಗಲಿಲ್ಲ. ನಿಧಾನವಾಗಿ ಪರದೆಯ ಕಡೆ ತಿರುಗಿದ. ತನಗೆ ಕಾಣದ ಜಾಗವನ್ನು ಯಂತ್ರ ಅಕ್ಕಪಕ್ಕ ನೋಡಿ ತಾನೇ ತುಂಬಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಯಂತ್ರ ಹಾಗೆ ತುಂಬಿದ್ದನ್ನು ಅಳಿಸಿದ. ಪರದೆಯ ಮೇಲಿನ ಹಲ್ಲಿನ ಹಿಂಬದಿಯ ಅಂಚಿನಲ್ಲಿ ಕಪ್ಪನೆಯ ತೂತೊಂದು ಬಾಯ್ತೆರೆಯಿತು.

ಅವನ ಮುಖ ಸಣ್ಣದಾಯಿತು. "ಮೊದಲು ಎಷ್ಟು ಚೆನ್ನಾಗಿತ್ತಮ್ಮ. ಈಗ ನೋಡಿ, ಎಲ್ಲ ಹಾಳಾಯಿತು."

ಗುರು ಒಸಡು ಸರಿಸುವ ದಾರದ ತುಂಡೊಂದನ್ನು ಅವನ ಅಂಗೈಯಲ್ಲಿಟ್ಟರು. ದೀಪವನ್ನು ಪುಟ್ಟನಂಜಮ್ಮನ ಬಾಯಿಯ ಕಡೆ ಬಗ್ಗಿಸಿದರು.

"ಎಲ್ಲಿ ನೋಡಬೇಕು ಅಂತ ಈಗ ಗೊತ್ತಾಯಿತಲ್ಲ, ಮಗೂ."