ತಂಗೆವ್ವನ ಹಿತ್ತಲು

ಬಲು ಹಿಂದಿನ ಮಾತು, ಮಕ್ಕಳೇ. ಯಾವ ವರುಷ ಅಂತ ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಆಗಲೂ ಎರೆಹೊಲಗಳ ನಡುವೆ ನಮ್ಮ ಈ ಊರಿತ್ತು. ಕಣ್ಣು ಹಾಯಿಸಿದಷ್ಟು ದೂರ ಜೋಳ, ಜೋಳ ಬಿಟ್ಟರೆ ಹತ್ತಿ. ಮನೆಯ ಹಿಂದೆ ಒಂದು ಗಿಡ ಅಂತ ಇರಲಿಲ್ಲವಂತೆ.

ಆ ಕಾಲದ ಮಕ್ಕಳಿಗೆ ಒಂದು ಪೀಡೆ ಇತ್ತಂತೆ. ಹಗಲೆಲ್ಲ ಆಡಿಕೊಂಡಿದ್ದವರಿಗೆ ಹೊತ್ತು ಮುಳುಗಿದರೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆ ತಡವುತ್ತ ಮನೆ ಸೇರುತ್ತಿದ್ದರು. ದೇವಿಯ ಕೋಪ ಅಂದರು, ಹರಕೆ ಹೊತ್ತರು. ಕಡಿಮೆಯಾಗಲಿಲ್ಲ.

ಹೊಳೆಸಾಲಿನ ಊರಿಂದ ಸೊಸೆಯಾಗಿ ಬಂದವಳು ತಂಗೆವ್ವ. ಒಂದು ಸಂಜೆ ಅವಳ ಮಗಳು ಶಿವಕ್ಕ ಅವ್ವನನ್ನು ಹುಡುಕುತ್ತ ನೆಟ್ಟಗೆ ಬಾವಿಯ ಕಡೆ ನಡೆದಳಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಆಗಿಹೋಗಿತ್ತು. ತಂಗೆವ್ವ ಓಡಿಬಂದು ಜಡೆ ಹಿಡಿದು ಎಳೆದುಕೊಂಡಳು. ಮಗುವನ್ನು ಎದೆಗವಚಿಕೊಂಡು ಕೂತವಳಿಗೆ ಒಂದು ಯೋಚನೆ ಬಂತು. ತನ್ನ ತವರಲ್ಲಿ ಇಂಥ ಮಕ್ಕಳನ್ನು ತಾನು ಕಂಡೇ ಇಲ್ಲ. ಅಲ್ಲಿ ಮನೆಮನೆಗೂ ಹಿತ್ತಲು, ದಿನವೂ ಸೊಪ್ಪು, ಹಣ್ಣು. ಇಲ್ಲಿ ಅದೊಂದೇ ಇಲ್ಲ.

ತವರಿಗೆ ಹೋಗಿ ನುಗ್ಗೆಯ ಕೊಂಬೆ, ರಾಜಗಿರಿ ಸೊಪ್ಪಿನ ಬೀಜ, ಕುಂಬಳದ ಬೀಜ ತಂದಳು. ಬಚ್ಚಲ ನೀರು ಹರಿಯುವ ಕಡೆ ಪಾತಿ ಮಾಡಿ ಬಿತ್ತಿದಳು. ಅತ್ತೆ ಸಿಡುಕಿದಳಂತೆ: "ಸೊಪ್ಪು ತಿನ್ನಾಕ ನಾವೇನು ಆಡಾ?"

"ನನ್ನ ಕೂಸಿಗೆ ಕಣ್ಣು ಬರೂದಾದ್ರ ಆಡಾದ್ರೂ ಆಗತೀನ್ರಿ ಅತ್ತಿ," ಅಂದಳಂತೆ ತಂಗೆವ್ವ.

ಮೊಳಕೆಯನ್ನೆಲ್ಲ ಊರ ಆಡುಗಳು ಮೇಯ್ದವು. ಮತ್ತೆ ಬಿತ್ತಿದಳು, ಜಾಲಿಮುಳ್ಳಿನ ಬೇಲಿ ಕಟ್ಟಿದಳು, ಬೇಲಿಯ ಪಕ್ಕದಲ್ಲೇ ಕೂತು ರೊಟ್ಟಿ ತಿಂದಳು. ಅಂತೂ ರಾಜಗಿರಿ ಎದ್ದು ನಿಂತಿತು, ನುಗ್ಗೆ ಚಿಗುರಿತು. ದಿನಾ ಪಲ್ಯ ಮಾಡಿ, ರೊಟ್ಟಿಯಲ್ಲಿ ಸುತ್ತಿ ಮಗಳಿಗೆ ಕೊಟ್ಟಳು.

ಒಂದು ಮುಸ್ಸಂಜೆ ಶಿವಕ್ಕ ಅಜ್ಜಿಯ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ದೀಪ ಇನ್ನೂ ಹಚ್ಚಿರಲಿಲ್ಲ. "ಆಯೀ, ನಿನ್ನ ಸೆರಗ ಹರದದ," ಅಂದಳಂತೆ ಮಗು. ಅಜ್ಜಿ ಸೆರಗು ನೋಡಿಕೊಂಡಳು. ಹೌದು, ಹರಿದಿತ್ತು. ಮುದುಕಿ ಅಳುತ್ತ, ನಗುತ್ತ, "ಇನ್ನೇನ ಕಾಣತದ ಹೇಳ, ನನ್ನವ್ವ?" ಅಂತ ಕೇಳುತ್ತಲೇ ಇದ್ದಳಂತೆ. ಒಳಗಿದ್ದ ತಂಗೆವ್ವ ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರುಬಿಟ್ಟಳು.

ಆಮೇಲೆ ಆ ಅತ್ತೆಯೇ ಉಡಿಯಲ್ಲಿ ಬೀಜ ತುಂಬಿಕೊಂಡು ಮನೆಮನೆಗೆ ಹೋದಳಂತೆ. ಒಬ್ಬರ ಹಿತ್ತಲಲ್ಲಿ ಪಪ್ಪಾಯಿ ಬಂತು, ಇನ್ನೊಬ್ಬರಲ್ಲಿ ಪೇರಲ. ಮಕ್ಕಳು ಸಂಜೆಯೂ ಬೀದಿಯಲ್ಲಿ ಆಡಿದರು.

ಈಗಲೂ ನಮ್ಮಲ್ಲಿ ಹೊಸ ಸೊಸೆಗೆ ಮೊದಲು ಅಡುಗೆಮನೆ ತೋರಿಸುವುದಿಲ್ಲ, ಹಿತ್ತಲಿಗೆ ಕರೆದೊಯ್ಯುತ್ತಾರೆ. ತವರಿಂದ ತಂದ ಸಸಿಯನ್ನು ಅವಳು ನೆಡುತ್ತಾಳೆ. ಅದಕ್ಕೆ ಮೊದಲ ಕೊಡ ನೀರು ಮಾತ್ರ ಅತ್ತೆಯೇ ಹೊಯ್ಯಬೇಕು. ತಂಗೆವ್ವನ ಹೆಸರು ಹೇಳಿ ಹೊಯ್ಯಬೇಕು.