ಮಂತ್ರಿ ತಿದ್ದಿಸಿಕೊಂಡ ಹಾಳೆ

ಜಪಾನಿನ ದಕ್ಷಿಣಕ್ಕಿರುವ ರ್‍ಯೂಕ್ಯೂ ದ್ವೀಪಗಳಲ್ಲಿ ಹಿಂದೆ ಅಧಿಕಾರಿಯ ಅಂತಸ್ತು ಅವನ ತಲೆಯ ಮೇಲೆಯೇ ಇರುತ್ತಿತ್ತು. ರುಮಾಲು ಕೆಂಪಾದರೆ ಕಿರಿಯ, ಹಳದಿಯಾದರೆ ಹಿರಿಯ, ನೇರಳೆಯಾದರೆ ಮಂತ್ರಿ.

ದೊಡ್ಡ ಮನೆತನದ ಇನಾಮಿನೆ ಮೂರನ್ನೂ ಸುತ್ತಿ ಮಂತ್ರಿಯಾದವನು. ಆದರೂ ಮುಖ್ಯವಾದ ಪತ್ರ ಬರೆದಾಗಲೆಲ್ಲ ಕಡಲದಂಡೆಯ ಗುಡಿಸಲ ಶಾಲೆಗೆ ಹೋಗಿ, ತನಗೆ ಅಕ್ಷರ ಕಲಿಸಿದ ತಾರುಗಾನೆ ಗುರುಗಳಿಂದ ತಿದ್ದಿಸಿಕೊಂಡೇ ಬರುತ್ತಿದ್ದ.

ತಪ್ಪಿದ ಕಡೆ ಗುರುಗಳು ಕೆಂಪು ಗೆರೆ ಎಳೆಯುವರು. ಮೆಚ್ಚಿದ ಬರಹಕ್ಕೆ ಕೆಂಪು ಸುತ್ತು. ಮೂವತ್ತೈದು ವರ್ಷದಲ್ಲಿ ಇನಾಮಿನೆಗೆ ಒಂದು ಸುತ್ತೂ ಸಿಕ್ಕಿರಲಿಲ್ಲ. ಈ ಮುದುಕರನ್ನು ಮೆಚ್ಚಿಸಲು ದೇವರಿಂದಲೂ ಆಗದು ಎಂದು ಹೆಂಡತಿಯ ಬಳಿ ಗೊಣಗುತ್ತಿದ್ದ.

ಒಂದು ವರ್ಷ ಉತ್ತರದ ಕಡಲಿನಾಚೆಯ ದೊರೆ ದಂಡೆತ್ತಿ ಬಂದು ರಾಜ್ಯ ಗೆದ್ದ. ಪ್ರತಿಯೊಬ್ಬ ಮಂತ್ರಿಯೂ ಕೈಯಾರೆ ಒಂದು ಸಾಲು ಬರೆದುಕೊಡಬೇಕೆಂದು ಅಪ್ಪಣೆಯಾಯಿತು: ‘ಈ ನಾಡು ಮೊದಲಿನಿಂದಲೂ ನಿಮ್ಮದೇ.’

ಬರೆಯದವನ ರುಮಾಲು ಹೋಗುತ್ತದೆ. ತಲೆ ಉಳಿಯುವ ಭರವಸೆಯೂ ಇಲ್ಲ.

ಇನಾಮಿನೆ ಉಸಿರು ಬಿಗಿಹಿಡಿದು ಬರೆದ. ಅಷ್ಟು ಅಂದವಾಗಿ ಅವನು ಎಂದೂ ಬರೆದಿರಲಿಲ್ಲ. ಹಾಳೆ ಹಿಡಿದು ಗುರುಗಳಲ್ಲಿಗೆ ನಡೆದ.

ಗುರುಗಳು ಓದಿದರು. ಕುಂಚವನ್ನು ಕೆಂಪು ಶಾಯಿಗೆ ಅದ್ದಿ, ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು.

“ಯಾವ ಅಕ್ಷರ ತಪ್ಪಿದೆ ಗುರುಗಳೇ?”

“ಅಕ್ಷರ ಒಂದೂ ತಪ್ಪಿಲ್ಲ.”

ಇನಾಮಿನೆಗೆ ಸಿಟ್ಟು ನೆತ್ತಿಗೇರಿತು. ಗುಡಿಸಲಲ್ಲಿ ಕೂತವರಿಗೆ ಅರಮನೆಯ ಕಷ್ಟ ಏನು ಗೊತ್ತು ಎಂದುಬಿಟ್ಟ. ಬರೆಯದಿದ್ದರೆ ತನ್ನ ಗತಿ ಏನೆಂದೂ ಹೇಳಿದ.

“ಹಾಗಾದರೆ ಬೇರೆ ಹಾಳೆಯಲ್ಲಿ ಬರೆದುಕೊಡು,” ಎಂದರು ಗುರುಗಳು. “ಇದನ್ನು ನನ್ನ ಹತ್ತಿರ ಯಾಕೆ ತಂದೆ?”

ದಾರಿಯುದ್ದಕ್ಕೂ ಆ ಪ್ರಶ್ನೆ ಅವನನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಗೆದ್ದವರ ಸಭೆಯಲ್ಲಿ ಅವನು ಗೆರೆ ಎಳೆದ ಹಾಳೆಯನ್ನೇ ಇಟ್ಟ. ಇದೇನೆಂದು ಸೇನಾಪತಿ ಕೇಳಿದ.

“ಸುಳ್ಳು ಬರೆದಿದ್ದೆ. ತಿದ್ದಿಕೊಂಡಿದ್ದೇನೆ,” ಎಂದ ಇನಾಮಿನೆ. ಗುರುಗಳ ಹೆಸರೆತ್ತಲಿಲ್ಲ.

ಅಲ್ಲೇ ರುಮಾಲು ಬಿಚ್ಚಿಸಿದರು. ಜುಟ್ಟಿನ ಚಿನ್ನದ ಕಡ್ಡಿ ಕಿತ್ತರು. ಮೂರನೆಯ ದಿನ ಹಡಗು ಹತ್ತಬೇಕು, ಅಲ್ಲಿಯವರೆಗೆ ಊರು ಬಿಡಕೂಡದು, ವಿಚಾರಣೆ ಆಚೆಯ ದಡದಲ್ಲಿ ಎಂದರು. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ.

ಮಧ್ಯಾಹ್ನ ಅವನು ಬರಿದಲೆಯಲ್ಲಿ ಗುಡಿಸಲಿಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಗುರುಗಳು ಹೊಸ ಹಾಳೆ ಮುಂದಿಟ್ಟು, ಸಭೆಯಲ್ಲಿ ಆಡಿದ ಮಾತನ್ನು ಬರೆಯೆಂದರು.

‘ಈ ನಾಡು ನಿಮ್ಮದಲ್ಲ’ ಎಂದು ಬರೆದ. ಆಡಿದ್ದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಹೋಗಿದ್ದ.

“ಅಕ್ಷರ ನೋಡಿ ಗುರುಗಳೇ. ಸೊಟ್ಟಗಾಗಿದೆ.”

ಗುರುಗಳು ಸಾಲಿನ ಸುತ್ತ ನಿಧಾನವಾಗಿ ಕೆಂಪು ಸುತ್ತು ಹಾಕಿದರು. ಇನಾಮಿನೆ ಮಗುವಿನ ಹಾಗೆ ಅತ್ತುಬಿಟ್ಟ.

ಆಮೇಲೆ ಗುರುಗಳು ಎದ್ದು, ಮಕ್ಕಳು ನೋಡಿ ಬರೆಯುವ ಹಾಳೆಯನ್ನು ಗೋಡೆಯಿಂದ ತೆಗೆದು, ಆ ಜಾಗದಲ್ಲಿ ಇದನ್ನು ಅಂಟಿಸಿದರು.

“ಬೇಡ ಗುರುಗಳೇ, ನಿಮ್ಮನ್ನೂ ಹಿಡಿಯಲು ಬರುತ್ತಾರೆ.”

“ಬರಲಿ. ಅಷ್ಟರಲ್ಲಿ ಮಕ್ಕಳು ಹತ್ತು ಸಲ ಬರೆದಿರುತ್ತಾರೆ.”