ಜಲಪಾತದ ಅಂಚಿನ ಏಳು ಕಲ್ಲು

“ಗುರುಗಳೇ, ದಾರಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಕಡೆ ಕೈ ತೋರಿಸ್ತಾರೆ. ಯಾರನ್ನ ನಂಬ್ಲಿ?”

ಕೇಳಿದೋನು ಹೊಸ ಶಿಷ್ಯ. ಮಠಕ್ಕೆ ಬಂದು ಆರು ತಿಂಗಳೂ ಆಗಿರ್ಲಿಲ್ಲ. ಆಗಲೇ ಊಟಕ್ಕೆ ಬಂದ ಭಕ್ತರನ್ನ ಹಿಡಿದು ಕೂರಿಸ್ಕೊಂಡು, ನೀವು ಆ ವ್ರತ ಮಾಡಿ, ನೀವು ಆ ಅಂಗಡಿ ಮುಚ್ಚಿಬಿಡಿ ಅಂತ ಬುದ್ಧಿ ಹೇಳೋಕೆ ಶುರು ಹಚ್ಕೊಂಡಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಒಂದು ಕತೆ ಹೇಳಿದ್ರು.

ಒಬ್ಬಳು ಅತ್ತಿಗೆ, ಅವಳಿಗೊಬ್ಬಳು ನಾದಿನಿ. ಒಂದಿನ ಮಾತು ಸರಿಹೋಗಲ್ಲ, ಒಂದಿನ ಬಿಟ್ಟಿರೋಕೂ ಆಗಲ್ಲ. ಇಬ್ರೂ ಸೇರ್ಕೊಂಡು ಹಿಮಾಲಯದಲ್ಲಿ ಬೆಟ್ಟ ಹತ್ತೋಕೆ ಹೋದ್ರು. ದಾರಿ ತೋರ್ಸೋಕೆ ಅಲ್ಲಿನ ಒಬ್ಬ ಕುರಿ ಕಾಯೋನು. ಹೊರಡುವಾಗಲೇ ಅವನು ಹೇಳಿದ್ದ, “ದಾರಿಯುದ್ದಕ್ಕೂ ಕಲ್ಲಿನ ಗುಪ್ಪೆ ಇಟ್ಟಿದೀವಿ. ಮಂಜು ಕವಿದ್ರೆ ಅದನ್ನೇ ನೋಡ್ಕೊಂಡು ಬನ್ನಿ.”

ಕಣಿವೆ ದಾಟಿದ್ಮೇಲೆ ಒಂದು ಸರೋವರ. ಅದರ ನೀರು ಬಲಕ್ಕೆ ಹರಿದು ಬಂಡೆಯಿಂದ ಪಾತಾಳಕ್ಕೆ ಧುಮುಕ್ತಿತ್ತು. ದಾರಿ ಇದ್ದದ್ದು ಎಡಕ್ಕೆ. ನಾದಿನಿ ಮಂಡಿನೋವು ಅಂತ ಹಿಂದೆ ಉಳಿದಿದ್ಲು. ಅತ್ತಿಗೆ ಮಾತ್ರ ನೀರು ಬೀಳೋದು ನೋಡ್ಬೇಕು ಅಂತ ಬಂಡೆ ಅಂಚಿಗೆ ಹೋದ್ಲು. ನಮ್ಮ ಕಡೆ ಬೆಟ್ಟಕ್ಕೆ ಹೋದೋರು ಕಲ್ಲಿನ ಮೇಲೆ ಕಲ್ಲಿಟ್ಟು ಸ್ವಂತ ಮನೆ ಬೇಡ್ಕೋತಾರಲ್ಲ, ಅದು ನೆನಪಾಯ್ತು. ಹದಿನೆಂಟು ವರ್ಷ ಬಾಡಿಗೆ ಮನೇಲಿದ್ದು, ನೀರು ಜಾಸ್ತಿ ಸುರೀತೀಯ ಅಂತ ಓನರಮ್ಮನ ಕೈಲಿ ದಿನಾ ಬೈಸ್ಕೊಂಡೋಳು. ಒಂದಲ್ಲ ಎರಡಲ್ಲ, ಏಳು ಕಲ್ಲು ಪೇರಿಸಿದ್ಲು. ಮಹಡಿ ಮೇಲೆ ಮಹಡಿ ಬೇಕಿತ್ತೇನೋ.

ಆಮೇಲೆ ಎಡಕ್ಕೆ ತಿರುಗಿ, ಕುರಿ ಕಾಯೋನ ಹಿಂದೆ ದಿಣ್ಣೆ ಹತ್ತಿದ್ಲು. ಅಷ್ಟರಲ್ಲಿ ಮಂಜು ಕವೀತು. ತಿರುಗಿ ನೋಡಿದ್ರೆ ನಾದಿನಿ ಕಾಣಿಸ್ಲಿಲ್ಲ. ಕೂಗಿದ್ಲು. ನೀರಿನ ಸದ್ದು ಬಿಟ್ರೆ ಬೇರೇನೂ ಕೇಳ್ಸಲಿಲ್ಲ.

“ಗುಪ್ಪೆ ನೋಡ್ಕೊಂಡು ಬರ್ತಾರೆ ಬಿಡಮ್ಮ,” ಅಂದ ಅವನು.

ಅತ್ತಿಗೆ ಅವನ ತೋಳು ಹಿಡ್ಕೊಂಡ್ಲು. “ಅಣ್ಣಾ, ನೀರು ಬೀಳೋ ಕಡೆ ನಾನೂ ಒಂದು ಇಟ್ಟಿದೀನಿ.”

ಅವನು ಬೈಲಿಲ್ಲ, ಓಡಿದ. ಅವಳೂ ಎದ್ದು ಬಿದ್ದು ಹಿಂದೆ ಓಡಿದ್ಲು. ಮನೆ ಆಸೆ ತಲೇಲಿ ಎಲ್ಲೂ ಇರ್ಲಿಲ್ಲ. ಆ ನಾದಿನಿ ಬಾಯಿ ಇನ್ನೊಂದ್ಸಲ ಕೇಳಿಸ್ಲಿ, ಏನು ಬೇಕಾದ್ರೂ ಅನ್ನಲಿ ಅಂತ ದೇವರನ್ನ ಬೇಡ್ಕೊಂಡ್ಲು.

ಅಂಚಿನ ಹತ್ರ, ಗುಪ್ಪೆ ಪಕ್ಕದಲ್ಲಿ, ಯಾರೋ ಶೂ ಬಿಚ್ಚಿ ಮಂಡಿ ಉಜ್ಕೊಂಡು ಕೂತಿದ್ರು.

“ಅಲ್ಲ ಅತ್ತಿಗೆ, ಮನೆ ಕಟ್ಟೋಕೆ ನಿಮಗೆ ಇದೇ ಸೈಟಾ ಸಿಕ್ಕಿದ್ದು? ಹಾಳಾದ್ದು ಮಂಡಿ ನೋಯ್ತು ಅಂತ ಕೂತೆ. ಇಲ್ದಿದ್ರೆ ಮುಂದಿನ ಗುಪ್ಪೆ ಹುಡುಕ್ಕೊಂಡು ಇನ್ನೆರಡು ಹೆಜ್ಜೆ ಹೋಗಿರ್ತಿದ್ದೆ.”

ಒಂದು ಮಾತಿಗೆ ನಾಲ್ಕು ಮಾತು ಕೊಡೋ ಅತ್ತಿಗೆ ಅವಳನ್ನ ತಬ್ಕೊಂಡು ಅತ್ಲು, ಅಳ್ತಾ ಅಳ್ತಾ ನಕ್ಲು. ಆಮೇಲೆ ಕೂತ್ಕೊಂಡು ಏಳೂ ಕಲ್ಲನ್ನ ಒಂದೊಂದಾಗಿ ಇಳಿಸಿ, ದೂರ ದೂರ ಚೆಲ್ಲಿ ಬಂದ್ಲು.

ಕತೆ ಮುಗೀತು. ಶಿಷ್ಯ ಉಸಿರು ಬಿಟ್ಟ. “ಅಬ್ಬ, ಸದ್ಯ ಬದುಕಿದ್ಲು. ಹಾಗಾದ್ರೆ ಗುರುಗಳೇ, ಕುರಿ ಕಾಯೋನ ಗುಪ್ಪೇನ ಮಾತ್ರ ನಂಬ್ಬೇಕು ಅಂತಾಯ್ತು.”

“ಅದಿರ್ಲಿ, ನೀನಿಟ್ಟ ಗುಪ್ಪೆ ನೋಡ್ಕೊಂಡು ಯಾರ್ಯಾರು ಹೊರಟಿದಾರೆ?” ಅಂದ್ರು ಗುರುಗಳು.